ಕಾಕಾ ಆರಿಸಿದ ಸೈಕಲ್ಲು

ನನಗೊಂದು ಕೆಟ್ಟ ಚಟವಿದೆ. ಎಲೆಯಡಿಕೆ, ನಶ್ಯ, ಇಸ್ಪೀಟು ಎಂದು ನೀವು ಊಹಿಸಿದರೆ ಅವೂ ಉಂಟು, ಅಲ್ಲವೆನ್ನುವುದಿಲ್ಲ. ಆದರೆ ಈಗ ಹೇಳಹೊರಟದ್ದು ಅವುಗಳ ಮಾತಲ್ಲ. ಎಲ್ಲಿಯಾದರೂ ಸೈಕಲ್ಲೊಂದು ಗೋಡೆಗೆ ಒರಗಿ ನಿಂತಿದ್ದರೆ ನನ್ನ ಕೈ ತಾನಾಗಿಯೇ ಅದರ ಕ್ಯಾರಿಯರಿನ ಮೇಲೆ ಹೋಗುತ್ತದೆ. ಎರಡೂ ಅಂಗೈ ಊರಿ, ಮೈಭಾರ ಹಾಕಿ ಒಮ್ಮೆ ಒತ್ತಿ ನೋಡದೆ ಮುಂದೆ ಹೋಗಲು ಕಾಲು ಏಳುವುದಿಲ್ಲ. ಮೊನ್ನೆ ಹಾನಗಲ್ಲಿನ ಪೋಸ್ಟಾಫೀಸಿನ ಮುಂದೆ ಹೀಗೆ ಒತ್ತುತ್ತಿದ್ದಾಗ ಸೈಕಲ್ಲಿನ ಒಡೆಯ, ಯಾರೋ ಹೊಸ ಮಾಸ್ತರ, ಸಾಲು ಬಿಟ್ಟು ಹೊರಗೆ ಓಡಿ ಬಂದ.

“ಅಜ್ಜಾರ, ಏನ್ ನಡಸೀರಿ?”

“ಏನಿಲ್ಲಪಾ, ಇದರ ಮ್ಯಾಲ ನಮ್ಮಕ್ಕ ಕುಂದರಬಹುದೋ ಇಲ್ಲೋ ನೋಡಾಕತ್ತಿದ್ದೆ.”

ಅವನು ಅಕ್ಕನಿಗಾಗಿ ಅತ್ತಿತ್ತ ನೋಡಿದ. ಯಾರೂ ಕಾಣದಿದ್ದಾಗ ನನ್ನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿ, ಸೈಕಲ್ಲಿಗೆ ಕೀಲಿ ಹಾಕಿ ಒಳಗೆ ಹೋದ. ಅವನದೇನು ತಪ್ಪು? ಕ್ಯಾರಿಯರ್ ಒತ್ತುವ ಮುದುಕನ ತಲೆಯಲ್ಲಿ ಲಡಾಯಿ ಕಾಲದ ಒಂದು ಶ್ರಾವಣ ಗಿರಕಿ ಹೊಡೆಯುತ್ತಿದೆ ಎಂದು ಅವನಿಗೆ ಹೇಗೆ ತಿಳಿಯಬೇಕು? ನಿಮಗಾದರೆ ಹೇಳಬಹುದು. ನೀವು ಕೂತು ಕೇಳುವ ಪೈಕಿ.

ನಾವು ಶಿಗ್ಗಾವಿ ಕಡೆಯ ಎರೆಹೊಲದ ಊರಿನವರು. ನಾನು ಚಿಕ್ಕವನಿದ್ದಾಗಲೇ ಅಪ್ಪ ತೀರಿಕೊಂಡಿದ್ದ. ಮನೆ ನಡೆಸುತ್ತಿದ್ದವನು ಅಪ್ಪನ ತಮ್ಮ, ಶಿವಪ್ಪ ಕಾಕಾ. ಅವನೇ ಮುಂದೆ ನಿಂತು ನಮ್ಮ ನೀಲಕ್ಕನನ್ನು ಹಿರೇಕೆರೂರಿನ ಆಚೆಗಿನ ಒಂದು ಗೌಡರ ಮನೆಗೆ ಕೊಟ್ಟ. ಸಂಬಂಧ ನೋಡಲು ಹೋದವನು ಮೊದಲು ನೋಡಿದ್ದು ಬೀಗರ ದನದ ಕೊಟ್ಟಿಗೆಯನ್ನು. “ಎತ್ತ ಅಂದ್ರ ಎತ್ತ! ಒಂದರ ಕೊಂಬೂ ಮುರದಿಲ್ಲ, ಒಂದರ ಬೆನ್ನ ಮ್ಯಾಲೂ ಬಾಸುಂಡಿ ಇಲ್ಲ” ಎಂದು ಬಂದು ಅವ್ವನಿಗೆ ಹೇಳಿದ್ದ. ವರ ಹೇಗಿದ್ದಾನೆಂದು ಅವ್ವ ಕೇಳಿದಾಗ ಸ್ವಲ್ಪ ಯೋಚಿಸಿ, “ಅಂವನೂ ಅದಾನ” ಎಂದನಂತೆ. ಕಾಕಾನ ಕಣ್ಣಿಗೆ ಲೋಕವೆಲ್ಲ ಎತ್ತಿನ ಮಾಪಿನಲ್ಲೇ ಕಾಣುತ್ತಿತ್ತು. ಸುತ್ತಿನ ಊರುಗಳಲ್ಲಿ ಯಾರು ಎತ್ತು ಕೊಳ್ಳುವುದಿದ್ದರೂ ಅವನನ್ನು ಕರೆದುಕೊಂಡು ಹೋಗುವರು. ಸುಳಿ ನೋಡುವುದೇನು, ಹಲ್ಲು ಎಣಿಸುವುದೇನು, ಬಾಲ ಹಿಡಿದು ನಡೆಸುವುದೇನು! ನನ್ನ ಏಳನೆಯ ತರಗತಿಯ ಮುಲ್ಕಿ ಪರೀಕ್ಷೆಯ ನಿಕಾಲು ಬಂದ ದಿನವೂ ಅವನು ನನ್ನ ಬೆನ್ನು ಚಪ್ಪರಿಸಿ ನೋಡಿ, “ಮಾಂಸ ಇಲ್ಲ, ಆದ್ರ ನೊಗಕ್ಕ ಹೂಡಾಕ ಬರ್ತಾನ” ಎಂದಿದ್ದ.

ಇನ್ನು ಪಂಚಮಿಯ ಮಾತು. ನಮ್ಮ ಕಡೆ ನಾಗರಪಂಚಮಿ ಹೆಣ್ಣುಮಕ್ಕಳ ಹಬ್ಬ. ಕೊಟ್ಟ ಹೆಣ್ಣುಮಕ್ಕಳನ್ನು ತವರಿನ ಗಂಡಸು ಹೋಗಿ ಕರೆದುಕೊಂಡು ಬರಬೇಕು. ಅವರಾಗಿ ಬರುವಂತಿಲ್ಲ, ಅತ್ತೆಯ ಮನೆಯವರು ತಾವಾಗಿ ಕಳಿಸುವಂತೆಯೂ ಇಲ್ಲ. ಬಂದರೋ, ಜೋಕಾಲಿಯೇನು, ಎಳ್ಳುಂಡಿ ಶೇಂಗಾ ಉಂಡಿಯೇನು, ಅಳ್ಳಿಟ್ಟೇನು, ಇಡೀ ಊರಿಗೆ ಹೊಸ ಸೀರೆ ಉಡಿಸಿದಂತೆ ಇರುತ್ತದೆ. ಚಿಕ್ಕಂದಿನಲ್ಲಿ ಉಂಡಿಯ ಗಡಿಗೆಗಳನ್ನು ಅವ್ವ ನೆಲುವಿನ ಮೇಲೆ ಇಡುತ್ತಿದ್ದಳು. ಅಕ್ಕ ಕೆಳಗೆ ಬಗ್ಗಿ ನಿಲ್ಲುವಳು, ನಾನು ಅವಳ ಬೆನ್ನು ಹತ್ತಿ ಕೈ ಹಾಕುವೆ. ಪಾಲು ಮಾಡುವಾಗ ಬಗ್ಗಿದವರಿಗೆ ಎರಡು, ಹತ್ತಿದವರಿಗೆ ಒಂದು ಎಂಬುದು ಅವಳ ಕಾಯಿದೆ. ಒಮ್ಮೆ ನಾನೇ ಬಗ್ಗುತ್ತೇನೆ ಎಂದು ಹಟ ಹಿಡಿದೆ. ಅವಳು ಹತ್ತಿದಳು, ನಾನು ಕುಸಿದೆ, ಗಡಿಗೆ ಒಡೆಯಿತು, ಅವ್ವನ ಕೈಯ ಏಟು ಮಾತ್ರ ಸಮಪಾಲಾಗಿ ಸಿಕ್ಕಿತು.

ಅಂಥ ಅಕ್ಕ ಮದುವೆಯಾಗಿ ಹೋದ ಮೇಲೆ ಮೂರು ಪಂಚಮಿಗೆ ಬರಲೇ ಇಲ್ಲ. ಮೊದಲ ವರ್ಷ ವರದಾ ನದಿ ದಂಡೆ ಮೀರಿ ಹರಿದು ಕಾಕಾನ ಗಾಡಿ ಹಾನಗಲ್ಲಿನಿಂದಲೇ ಹಿಂದಿರುಗಿತು. ಎರಡನೆಯ ವರ್ಷ ನನಗೆ ಚಳಿಜ್ವರ, ಮನೆಯವರೆಲ್ಲ ನನ್ನ ಕೌದಿಯ ಸುತ್ತ. ಮೂರನೆಯ ವರ್ಷ ಮಾತ್ರ ಹಾಳು ಬಿಗುಮಾನ. ಎರಡು ಸಲ ತಪ್ಪಿದ್ದಕ್ಕೆ ಬೀಗರು ಏನೋ ಅಂದರಂತೆ. ಅಂದದ್ದು ಕಾಕಾನ ಕಿವಿಗೆ ಬಿತ್ತು. ಅವನು ರುಮಾಲು ಬಿಗಿದು ಕಟ್ಟಿಕೊಂಡು ಕಟ್ಟೆಯ ಮೇಲೆ ಕೂತುಬಿಟ್ಟ.

ನಾಲ್ಕನೆಯ ವರ್ಷ ಶ್ರಾವಣ ಹತ್ತಿರ ಬಂದಾಗ ಬಳೆಗಾರ ಮುದುಕಿಯೊಬ್ಬಳು ಹಿರೇಕೆರೂರಿನ ಕಡೆಯಿಂದ ತಿರುಗುತ್ತ ನಮ್ಮೂರಿಗೆ ಬಂದಳು. ಕಟ್ಟೆಯ ಮೇಲೆ ಬಳೆಯ ಬುಟ್ಟಿ ಬಿಚ್ಚುತ್ತ, ಕಣ್ಣು ಎತ್ತದೆ ಅವ್ವನಿಗೆ ಹೇಳಿದಳು:

“ಯವ್ವಾ, ನಿನ್ನ ಮಗಳು ಒಂದ ಮಾತ ಹೇಳಿ ಕಳಿಸ್ಯಾಳ. ಈ ಸಲ ಯಾರೂ ಬರದಿದ್ರ, ಇನ್ನ ಮುಂದ ನಾನೂ ದಾರಿ ನೋಡಂಗಿಲ್ಲ, ನೀವೂ ನೋಡಬ್ಯಾಡ್ರಿ ಅಂತ.”

ಅಕ್ಕನಿಗೆಂದು ಆರಿಸಿ ಹಿಡಿದಿದ್ದ ಬಳೆಗಳನ್ನು ಅವ್ವ ತಿರುಗಿ ಬುಟ್ಟಿಗೆ ಇಟ್ಟಳು. ಅಕ್ಕ ಸುಮ್ಮನೆ ಮಾತಾಡುವವಳಲ್ಲ. ಆಡಿದರೆ ಅದನ್ನು ಹಿಂದೆ ತೆಗೆದುಕೊಳ್ಳುವವಳೂ ಅಲ್ಲ. ಕಾಕಾ ಕಟ್ಟೆಯಿಂದ ಎದ್ದ. ಅವನ ಬಿಗುಮಾನ ಎಲ್ಲಿ ಹೋಯಿತೋ ಏನೋ, ನೆಟ್ಟಗೆ ಕೊಟ್ಟಿಗೆಗೆ ಹೋದ. ಆದರೆ ಅಲ್ಲಿ ಬಲಗಡೆಯ ಎತ್ತಿಗೆ ಕಾಲುಬೇನೆ, ಗೊರಸು ಬಾತು ನೆಲಕ್ಕೆ ಊರುವಂತಿರಲಿಲ್ಲ. ಊರಲ್ಲಿ ಎಲ್ಲರ ಗಾಡಿಗಳೂ ತಂತಮ್ಮ ಹೆಣ್ಣುಮಕ್ಕಳಿಗಾಗಿ ಹೊರಟು ನಿಂತಿದ್ದವು. ಮೋಟಾರಂತೂ ಕೇಳಲೇಬೇಡಿ. ಲಡಾಯಿ ಕಾಲ, ಪೆಟ್ರೋಲು ಇಲ್ಲ. ಇದ್ದಿಲ ಹೊಗೆಯಿಂದ ಓಡುವ ಬಸ್ಸು ಮಳೆ ಬಿದ್ದ ದಿನ ಓಡುತ್ತಿರಲಿಲ್ಲ, ಮಳೆ ಬೀಳದ ದಿನ ಜನರಿಂದ ನೂಕಿಸಿಕೊಳ್ಳುತ್ತಿತ್ತು.

“ಸೈಕಲ್ ತಗೊಳ್ಳೋಣು, ನಾ ಹೋಗಿ ಕರಕೊಂಡು ಬರ್ತೇನಿ” ಎಂದು ನಾನು ಅಂದುಬಿಟ್ಟೆ.

ಅಂದ ಮೇಲೆ ನನಗೇ ಮೈ ಝುಂ ಎಂದಿತು. ನೀವು ನಂಬಬೇಕು, ಅಕ್ಕನ ಚಿಂತೆ ನಿಜವಾಗಿಯೂ ಇತ್ತು, ಆದರೆ ಸೈಕಲ್ಲು! ನಮ್ಮದೇ ಸೈಕಲ್ಲು! ಶಿಗ್ಗಾವಿಯ ಬಾಡಿಗೆ ಸೈಕಲ್ಲುಗಳ ಚೌಕಟ್ಟಿನೊಳಗೆ ಕಾಲು ತೂರಿಸಿ, ಮೈ ಓರೆ ಮಾಡಿ ಒಳಪೆಡಲ್ಲು ಹೊಡೆದು ಕಲಿತವನು ನಾನು. ಪತ್ರಿಕೆಯಲ್ಲಿ ಬರುವ ಸೈಕಲ್ಲಿನ ಜಾಹೀರಾತುಗಳನ್ನು ಬಾಯಿಪಾಠ ಮಾಡಿದ್ದೆ. ಆ ರಾತ್ರಿ ಕಣ್ಣು ಮುಚ್ಚಿದರೆ ಗಾಲಿ, ತೆರೆದರೆ ಗಂಟೆ.

ಆದರೆ ಈ ದಾರಿಗೆ ಎಂಥ ಸೈಕಲ್ಲು ಬೇಕು? ಯೋಚಿಸಿ ನೋಡಿ. ನಮ್ಮೂರಿನಿಂದ ಶಿಗ್ಗಾವಿಯವರೆಗೆ ಎರೆಮಣ್ಣು. ಮಳೆ ಬಿದ್ದರೆ ಹಿಮ್ಮಡಿಗೆ ಮೆತ್ತಿದ್ದು ಮೊಣಕಾಲಿಗೆ ಏರುತ್ತದೆ. ಅಲ್ಲಿಂದ ಹಾನಗಲ್ಲಿನ ಕಡೆಗೆ ಜಲ್ಲಿಖಡಿ ಹಾಕಿದ ಸಡಕು, ಒಂದೊಂದು ಖಡಿಯೂ ಬದನೆಕಾಯಿಯಷ್ಟು. ಹಾನಗಲ್ಲು ಬಂತೋ, ಭತ್ತದ ಗದ್ದೆ, ಬದುವು, ಕಾಲುವೆ. ಅದರಾಚೆ ವರದೆ. ವರದೆ ದಾಟಿದ ಮೇಲೆ ಕೆಂಪು ನೆಲ, ಗರಸುಗಲ್ಲು, ಏರು, ಇಳಕಲು. ತೆಳ್ಳಗಿನ ಗಾಲಿ ಎರೆಯಲ್ಲಿ ಹುಗಿಯುತ್ತದೆ. ದಪ್ಪ ಗಾಲಿ ಏರಿನಲ್ಲಿ ಜೀವ ತಿನ್ನುತ್ತದೆ. ಹಗುರ ಚೌಕಟ್ಟು ಖಡಿಗೆ ತಾಳುವುದಿಲ್ಲ. ಭಾರದ್ದಾದರೆ ಕೆಸರಿನಲ್ಲಿ ಅದನ್ನು ಹೆಗಲ ಮೇಲೆ ಹೊರುವವನು ನಾನು. ಇಷ್ಟೆಲ್ಲ ಆದ ಮೇಲೆ ಅದರ ಮೇಲೆ ಅಕ್ಕ ಕೂಡಬೇಕು, ಅಕ್ಕನ ಗಂಟು ಕೂಡಬೇಕು. ಮತ್ತು ಇದೆಲ್ಲ ಅವ್ವ ಬೆಣ್ಣೆ ಮಾರಿ ಅರಿವೆಯ ಚೀಲದಲ್ಲಿ ಕೂಡಿಟ್ಟಷ್ಟರಲ್ಲೇ ಆಗಬೇಕು. ನಾನು ಗಂಭೀರವಾಗಿ ಇದನ್ನೆಲ್ಲ ಕಾಕಾನಿಗೆ ವಿವರಿಸಿದೆ. ಅವನು ಕೊನೆಯವರೆಗೂ ಕೇಳಿ, ಕೋಲು ಕೈಗೆ ತೆಗೆದುಕೊಂಡ.

“ಆತು ನಡಿ. ನಾ ಬರ್ತೇನಿ. ನೀ ಬಣ್ಣ ನೋಡಾಂವ.”

ಸವಣೂರಿನಲ್ಲಿ ಖಾದರಸಾಬರ ಸೈಕಲ್ ಅಂಗಡಿಯಿತ್ತು. ಬಾಡಿಗೆಗೆ ಕೊಡುವುದು, ಪಂಕ್ಚರ್ ಹಚ್ಚುವುದು, ಹಳೆಯದು ಮಾರುವುದು, ಎಲ್ಲ ಅಲ್ಲೇ. ಮಾರುವುದಕ್ಕೆ ಮೂರು ಸೈಕಲ್ಲು ನಿಂತಿದ್ದವು. ಒಂದು ಹಸಿರು ಬಣ್ಣದ ವಿಲಾಯತಿ, ಅದಕ್ಕೆ ಡೈನಮೋ ದೀಪ! ಗಾಲಿ ತಿರುಗಿದರೆ ದೀಪ ಹತ್ತುತ್ತದೆ, ಎಣ್ಣೆ ಬೇಡ ಬತ್ತಿ ಬೇಡ. ಅದನ್ನು ನೋಡಿದ ಕೂಡಲೇ ನಾನು ಉಳಿದ ಎರಡನ್ನು ನೋಡುವುದನ್ನೇ ಬಿಟ್ಟೆ. ಇನ್ನೊಂದು ಕಡ್ಡಿಯಂತೆ ತೆಳ್ಳಗಿನದು. ಮೂರನೆಯದು ಕರೀ ಬಣ್ಣದ ಒಂದು ಒರಟು ಪ್ರಾಣಿ. ಎಲೆಬಳ್ಳಿ ತೋಟದವರೊಬ್ಬರು ಅದರ ಮೇಲೆ ದಿನಾಲು ಸವಣೂರೆಲೆಯ ಪೆಂಡಿ ಹೇರಿ ಯಲವಿಗಿ ಸ್ಟೇಷನ್ನಿಗೆ ಒಯ್ಯುತ್ತಿದ್ದರಂತೆ. ಅದರ ಕ್ಯಾರಿಯರನ್ನು ಗಾಡಿಯ ಹಳಿಯ ಕಬ್ಬಿಣದಿಂದ ಕಮ್ಮಾರ ಬಡಿದಿದ್ದ.

ಕಾಕಾ ಮೂರನ್ನೂ ಸುತ್ತು ಹಾಕಿದ. ಸೀಟು ಚಪ್ಪರಿಸಿದ. ಗಂಟೆ ಬಾರಿಸಿ, “ದನಿ ಬ್ಯಾನಿ ಬಿದ್ದಂಗ ಐತಿ” ಎಂದ. ಆಮೇಲೆ ಹಸಿರಿನ ಮುಂದೆ ನಿಂತು ಕೇಳಿದ:

“ಇದು ಯಾರ ಮನ್ಯಾಗ ದುಡದಿತ್ರಿ?”

“ಒಬ್ಬ ಸಾಹೇಬರದ್ರಿ ಗೌಡ್ರ. ವರ್ಗ ಆಗಿ ಹ್ವಾದ್ರು.”

“ಹೊಟ್ಟಿತುಂಬ ಹಾಕ್ಯಾರ, ದುಡಿಸಿಲ್ಲ. ಮೈಗಳ್ಳ ಆಗಿರ್ತೈತಿ.”

“ಕಾಕಾ, ಇದಕ್ಕ ದೀಪ ಐತಿ!” ನನ್ನ ದನಿ ಅಳುವ ಹತ್ತಿರ ಬಂದಿತ್ತು.

“ಎತ್ತಿನ ಕೊಂಬಿಗೆ ಗೊಂಡೆ ಇದ್ರ ಹೊಲಾ ಹರಗೂದೇನ? ಸುಮ್ನಿರು. ಓಡಿಸಿ ನೋಡೂಣು.”

ಓಡಿಸಿ ನೋಡುವುದೆಂದರೆ ನಾನು ಹತ್ತಿ ಓಡಿಸುವುದು ಎಂದುಕೊಂಡೆ. ಅಲ್ಲ. ಕಾರಹುಣ್ಣಿಮೆಯ ದಿನ ಎತ್ತುಗಳನ್ನು ಬಿಟ್ಟು ಓಡಿಸುತ್ತೇವಲ್ಲ, ಯಾವುದು ಮುಂದೆ ಹೋಯಿತೋ ಅದರದೇ ಮೇಲುಗೈ, ಹಾಗೆ. ಅಂಗಡಿಯ ಹಿಂದಿನ ಬಯಲು ಸ್ವಲ್ಪ ಇಳಿಜಾರಾಗಿತ್ತು. ಮೂರೂ ಸೈಕಲ್ಲನ್ನು ಅದರ ಮೇಲ್ತುದಿಗೆ ಒಯ್ದು ಒಂದೊಂದಾಗಿ ನೂಕಿ ಬಿಡಬೇಕೆಂದು ಕಾಕಾನ ಅಪ್ಪಣೆ. ಖಾದರಸಾಬರು ಗಡ್ಡ ಕೆರೆದುಕೊಂಡರು. ಇಷ್ಟು ವರ್ಷದ ವ್ಯಾಪಾರದಲ್ಲಿ ಅವರು ಇಂಥ ಗಿರಾಕಿಯನ್ನು ಕಂಡಿರಲಿಲ್ಲ. ಆದರೂ ದೊಡ್ಡ ಮನುಷ್ಯ, “ನೋಡ್ರಿ, ಜರಾ ಹಗೂರಕ” ಎಂದಷ್ಟೇ ಹೇಳಿ ಬದಿಗೆ ನಿಂತರು.

ಹಸಿರಿನದು ನಾಲ್ಕು ಮಾರು ಹೋಗಿ ಹ್ಯಾಂಡಲ್ಲು ಹೊರಳಿಸಿಕೊಂಡು ಮಲಗಿತು. ಕಾಕಾ ನನ್ನ ಕಡೆ ನೋಡಿದ; ನಾನು ನೆಲದ ಕಡೆ ನೋಡಿದೆ. ತೆಳ್ಳಗಿನದು ಕುಡಿದವರಂತೆ ಅತ್ತಿತ್ತ ತೂಗಾಡಿ ಜಾಲಿಯ ಮುಳ್ಳಿಗೆ ಬಿತ್ತು. ಕರಿಯದನ್ನು ನೂಕಿದೆ ನೋಡಿ, ಅದು ನೆಟ್ಟಗೆ ಹೊರಟಿತು! ಯಾರೂ ಇಲ್ಲ, ಬರಿಯ ಸೈಕಲ್ಲು, ಬಯಲು ದಾಟಿತು, ಆಡುಗಳನ್ನು ಚೆದುರಿಸಿತು, ಆಚೆಯ ತಗ್ಗು ಇಳಿದು ಏರಿತು, ಕೊನೆಗೆ ಯಾರದೋ ಜೋಳದ ಕಣಿಕೆಯ ಬಣವೆಗೆ ಹೋಗಿ ಮುಖ ಹಾಕಿ ನಿಂತಿತು. ಕಾಕಾ ರುಮಾಲು ಮೇಲಕ್ಕೆ ಹಾರಿಸಿದ.

“ಇದೋ ನೋಡ್ರಿ! ಇದು ಜಾತಿ ಅಂದ್ರ!”

“ಗೌಡ್ರ,” ಎಂದರು ಖಾದರಸಾಬರು, “ಒಂದ ಮಾತ ಮೊದಲ ಹೇಳಿಬಿಡ್ತೇನ್ರಿ. ಇದರ ಬಿರಿಯ ರಬ್ಬರ್ ಸವದು ಹೋಗ್ಯಾವ. ಹೊಸಾವು ಲಡಾಯಿ ಮುಗಿಯೂತನಕಾ ಸಿಗಂಗಿಲ್ಲ. ನಿಂದ್ರೂದು ಕಷ್ಟ ಐತಿ.”

“ನಿಂದ್ರಾಕೇನ ತಗೊಳ್ಳಾಕತ್ತೇವಿ? ಹೋಗಾಕ!” ಎಂದ ಕಾಕಾ. “ನಿಂದ್ರೂದು ನಮ್ಮ ಮನಿ ಎತ್ತಿಗೂ ಬರತೈತಿ.”

ಈ ಮಾತು ನಡೆದಾಗ ಮುಲ್ಕಿ ಪಾಸಾದ ನಾನು ಎಲ್ಲಿದ್ದೆ ಎಂದು ನೀವು ಕೇಳಬಹುದು. ಬಿದ್ದ ಹಸಿರು ಸೈಕಲ್ಲನ್ನು ಎತ್ತಿ ನಿಲ್ಲಿಸಿ, ಅದರ ಡೈನಮೋವನ್ನು ಕೊನೆಯ ಸಲ ತಿರುಗಿಸಿ ನೋಡುತ್ತಿದ್ದೆ. ಬ್ರೇಕಿನ ಮಾತು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಅಷ್ಟರಲ್ಲಿ ಕಾಕಾ ಹೆಗಲ ಟವೆಲ್ಲು ತೆಗೆದು ಖಾದರಸಾಬರ ಕೈ ಮೇಲೆ ಹಾಸಿದ. ದನದ ಸಂತೆಯಲ್ಲಿ ಬೆಲೆ ಮಾತಾಡುವುದು ಬಾಯಿಂದಲ್ಲ, ಟವೆಲ್ಲಿನ ಕೆಳಗೆ ಬೆರಳು ಹಿಡಿದು. ಖಾದರಸಾಬರಿಗೆ ಆ ವಿದ್ಯೆ ಬರುತ್ತಿತ್ತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತ, ಒಳಗೆ ಬೆರಳು ಹಿಸುಕುತ್ತ, “ಊಹೂಂ”, “ಆಗೂದಿಲ್ಲ”, “ಆತು ಬಿಡ್ರಿ” ಎಂದು ಸೈಕಲ್ಲಿನ ವ್ಯಾಪಾರ ಮುಗಿಸಿದರು. ಅದಕ್ಕೆ ಕೊಟ್ಟದ್ದೆಷ್ಟು ಎಂದು ನನಗೆ ಇಂದಿಗೂ ಗೊತ್ತಿಲ್ಲ. ಅವ್ವನ ಚೀಲ ಖಾಲಿಯಾಗಿರಲಿಲ್ಲ ಎಂಬುದಷ್ಟು ಗೊತ್ತು, ಯಾಕೆಂದರೆ ಬರುವಾಗ ಸವಣೂರು ಖಾರಾ ತಿಂದೆವು.

ಹೊರಡುವ ಮುಂಜಾನೆ ಅವ್ವ ಕಟಕರೊಟ್ಟಿ, ಶೇಂಗಾ ಹಿಂಡಿ, ಅಕ್ಕನಿಗೊಂದು ಕುಪ್ಪಸದ ಖಣ ಕಟ್ಟಿಕೊಟ್ಟಳು. ಕ್ಯಾರಿಯರಿನ ಮೇಲೆ ಜೋಳದ ಚೀಲ ಇಡಿಸಿ, ಅಂಗಳದಲ್ಲಿ ಸುತ್ತು ಹಾಕಿಸಿ ನೋಡಿದಳು. “ಚೀಲಾ ತುಟಿ ಪಿಟಕ್ ಅನ್ನಂಗಿಲ್ಲೋ. ಆಕಿ ಅಂಜಿದ್ರ?” ಎಂದಳು. ಸೈಕಲ್ಲಿಗೆ ವಿಭೂತಿ ಹಚ್ಚಿ, ನನ್ನ ಕೆನ್ನೆ ಸವರಿ ಲಟಿಕೆ ಮುರಿದಳು. ಆಮೇಲೆ ಸಣ್ಣ ದನಿಯಲ್ಲಿ, “ಕರಕೊಂಡ ಬಾ ತಮ್ಮಾ. ಬರೇ ಕೈಲೆ ಬರಬ್ಯಾಡ” ಎಂದಳು.

ಹೊರಟೆ ನೋಡಿ! ಊರ ಅಗಸಿಬಾಗಿಲು ದಾಟುವವರೆಗೆ ಗಂಟೆ ಬಾರಿಸಿದ್ದೇ ಬಾರಿಸಿದ್ದು. ದಾಟಿದ ಕೂಡಲೇ ಎರೆಮಣ್ಣು ಗಾಲಿಗೆ ಸುತ್ತಿಕೊಂಡು, ಮಡ್ಗಾರ್ಡಿನೊಳಗೆ ತುಂಬಿ, ಗಾಲಿ ತಿರುಗುವುದೇ ನಿಂತಿತು. ಕಡ್ಡಿಯಿಂದ ತೆಗೆದೆ, ಹತ್ತು ಹೆಜ್ಜೆಗೆ ಮತ್ತೆ ತುಂಬಿತು. ಕೊನೆಗೆ ಸೈಕಲ್ಲನ್ನು ಹೆಗಲ ಮೇಲೆ ಹೊತ್ತುಕೊಂಡೆ. ಎದುರಿಗೆ ಬಂದ ಗಾಡಿಯವನೊಬ್ಬ, “ಏನೋ, ಯಾರ ಮ್ಯಾಲ ಯಾರು ಹೊಂಟೀರಿ?” ಎಂದು ಕೂಗಿದ. ಶಿಗ್ಗಾವಿಯ ಸಡಕು ಸಿಕ್ಕಿದ ಮೇಲೆ ಅದನ್ನು ಇಳಿಸಿ ಹತ್ತಿದೆ. ಆಹಾ, ಆ ಸುಖವನ್ನು ಏನೆಂದು ಹೇಳಲಿ! ಖಡಿಯ ಮೇಲೆ ಹಲ್ಲು ಹಲ್ಲಿಗೆ ಬಡಿಯುತ್ತಿತ್ತು, ರೊಟ್ಟಿಯೆಲ್ಲ ಪುಡಿಯಾಗಿತ್ತು, ಆದರೂ ಎದುರುಗಾಳಿ ಮುಖಕ್ಕೆ ಬಡಿದಾಗ ನಾನೇ ಈ ತಾಲೂಕುಗಳ ನವಾಬ. ಹಾನಗಲ್ಲಿನ ಪೇಟೆಯಲ್ಲಿ ಚಾ ಕುಡಿದು, ಗದ್ದೆಯ ಬದುವಿನ ಮೇಲೆ ಸರ್ಕಸ್ಸಿನವರಂತೆ ತೂಗಿಕೊಂಡು ಹೋಗಿ, ಎರಡು ಸಲ ಕೆಸರಿನಲ್ಲಿ ಕೂತು, ವರದೆಯ ದಂಡೆ ಮುಟ್ಟಿದೆ.

ಹೊಳೆ ತುಂಬಿತ್ತು, ಆದರೆ ಹರಿಗೋಲು ಹಾಯುತ್ತಿತ್ತು. ಹರಿಗೋಲಿನ ಅಂಬಿಗ ಸೈಕಲ್ಲು ನೋಡಿ ತಕರಾರು ತೆಗೆದ.

“ಇದಕ್ಕ ಮನಶ್ಯಾನ ದರಾ.”

“ಇದು ಮನಶ್ಯಾ ಅಲ್ಲಲ್ಲ. ಎತ್ತಿಗೆ ಎಷ್ಟು ತಗೋತಿ?”

“ಎತ್ತಿಗೆ ಏನಿಲ್ಲ. ಎತ್ತು ತಾನ ಈಸತೈತಿ. ಇದನ್ನ ಈಸಾಕ ಬಿಡ್ತೀಯೇನ?”

ನಾನು ಮನುಷ್ಯನ ದರವನ್ನೇ ಕೊಟ್ಟೆ. ಸೈಕಲ್ಲನ್ನು ಎದೆಗೆ ಅವುಚಿಕೊಂಡು, ಗಿರಗಿರ ತಿರುಗುತ್ತ ಹೊಳೆ ದಾಟಿದೆ. ಆ ರಾತ್ರಿ ತಿಳವಳ್ಳಿಯಲ್ಲಿ ಒಂದು ಮಠದ ಪಡಸಾಲೆಯಲ್ಲಿ ಮಲಗಿ, ಬೆಳಗಾದೊಡನೆ ಮತ್ತೆ ಹೊರಟೆ.

ಖಾದರಸಾಬರ ಮಾತು ತಲೆಗೆ ಹೋದದ್ದು ಹಂಸಭಾವಿ ದಾಟಿದ ಮೇಲೆ. ಅಲ್ಲಿಯವರೆಗೆ ಎರೆಯಲ್ಲಿ ಮಣ್ಣೇ ನಿಲ್ಲಿಸುತ್ತಿತ್ತು, ಗದ್ದೆಯಲ್ಲಿ ನಾನೇ ಬೀಳುತ್ತಿದ್ದೆ; ಬಿರಿ ಹಿಡಿಯುವ ಪ್ರಸಂಗವೇ ಬಂದಿರಲಿಲ್ಲ. ಈಗ ಕೆಂಪು ನೆಲದ ಮೊದಲ ದೊಡ್ಡ ಇಳಕಲು. ಸೈಕಲ್ಲು ಜೋರು ಹಿಡಿಯಿತು. ಬಿರಿ ಒತ್ತಿದೆ, ಏನಿಲ್ಲ. ಇನ್ನೂ ಒತ್ತಿದೆ, ಗಂಟೆ ಮಾತ್ರ ತಾನಾಗಿ ಬಡಿದುಕೊಂಡಿತು. ಗರಸು ಹಾರುತ್ತಿತ್ತು, ಮರಗಳು ಹಿಂದೆ ಓಡುತ್ತಿದ್ದವು, ನಾನು ಕಾಕಾನನ್ನು ಹೆಸರು ಹಿಡಿದು ಕೂಗುತ್ತಿದ್ದೆ. ಕೊನೆಗೆ ಎಡಗಾಲಿನ ಚಪ್ಪಲಿಯನ್ನು ಮುಂದಿನ ಗಾಲಿಗೆ ಒತ್ತಿ ಹಿಡಿದು ಹೇಗೋ ಬದುಕಿದೆ. ಇಳಕಲಿಗೊಂದಿಷ್ಟು ಚಪ್ಪಲಿ ಸವೆಯುತ್ತ ಹೋಯಿತು. ಅಕ್ಕನ ಊರಿನ ಇಳಕಲಿಗೆ ಬರುವ ಹೊತ್ತಿಗೆ ಚಪ್ಪಲಿಯಲ್ಲಿ ಹೆಬ್ಬೆರಳಿನ ಉಂಗುಟ ಮಾತ್ರ ಉಳಿದಿತ್ತು.

ಅದರಿಂದಾಗಿ ನಾನು ಬೀಗರ ಮನೆಯನ್ನು ಪ್ರವೇಶಿಸಿದ್ದು ತಲಬಾಗಿಲಿನಿಂದಲ್ಲ. ಓಣಿಯ ಕೊನೆಗೆ ಅವರ ತಿಪ್ಪೆಯಿತ್ತು. ಸೈಕಲ್ಲು ಅದರೊಳಗೆ ಅರ್ಧ ಹುಗಿದು ನಿಂತಿತು, ನಾನು ಪೂರ್ತಿ ಹುಗಿದೆ. ಎದ್ದು ಕಣ್ಣು ಒರೆಸಿಕೊಂಡಾಗ ಎದುರಿಗೆ ಅಕ್ಕನ ಮಾವ, ದೊಡ್ಡ ಮೀಸೆಯ ವೀರನಗೌಡರು, ಕೈ ಹಿಂದೆ ಕಟ್ಟಿ ನಿಂತಿದ್ದರು.

“ಯಾರಪಾ ನೀ?”

“ಶಿಗ್ಗಾವಿ ಕಡೇಂವ್ರಿ ಮಾವಾರ. ಅಕ್ಕನ ಕರಿಯಾಕ ಬಂದೇನ್ರಿ.”

ಕಾಲಿಗೆ ನೀರು ಬಂತು. ನನ್ನ ಸ್ಥಿತಿ ನೋಡಿ ಇಡೀ ಮೈಗೇ ಬಂತು. ಕಟ್ಟೆಯ ಮೇಲೆ ಕೂತ ಮೇಲೆ ಗೌಡರು ಕೇಳಿದರು:

“ಗಾಡಿ ಎಲ್ಲೈತಿ?”

ನಾನು ತಿಪ್ಪೆಯ ಕಡೆ ತೋರಿಸಿದೆ. ಗೌಡರು ಅದರ ಹುಗಿದ ಗಾಲಿ ನೋಡಿ ಮುಖ ಗಂಟಿಕ್ಕಿದರು.

“ಮೂರ ವರ್ಷ ಯಾರೂ ಬರಲಿಲ್ಲ. ಈಗ ಇದನ್ನ ತಗೊಂಡ ಬಂದೀರಿ. ನಮ್ಮ ಸೊಸಿನ್ನ ಇದರ ಮ್ಯಾಲ ಕುಂದ್ರಿಸಿ ಕಳಸಬೇಕೇನು? ಊರ ಮಂದಿ ಏನಂದಾರು? ಆಗೂದಿಲ್ಲಪಾ. ಉಂಡು ಹೋಗು.”

ಅವರು ಹೇಳಿದ್ದರಲ್ಲಿ ಸುಳ್ಳೇನಿತ್ತು? ಬರಿಗೈಲಿ ಹೋಗಿ ಅವ್ವನ ಮುಂದೆ ಹೇಗೆ ನಿಲ್ಲಲಿ? ಭಾವ ಕಂಬಕ್ಕೆ ಒರಗಿ ನಿಂತಿದ್ದ. ಕಾಕಾ ಹೇಳಿದಂತೆ ಅವನೂ ಇದ್ದ, ಅಷ್ಟೇ. ಆಗ ಒಳಗಿನಿಂದ, ಬಾಗಿಲ ಮರೆಯಿಂದ, ಅಕ್ಕನ ದನಿ ಬಂತು. ಮಾವನ ಮುಂದೆ ಮಾತಾಡುವಂತಿಲ್ಲ, ಆದ್ದರಿಂದ ಅತ್ತೆಗೆ ಹೇಳಿದಳು. ಆದರೆ ಮೂರು ಮನೆಗೆ ಕೇಳುವ ಹಾಗೆ:

“ಅತ್ತೀ, ಕುಂದ್ರೂದು ಕಬ್ಬಣದ ಮ್ಯಾಲಂತ. ಒಂದ ಕೌದಿ ಹಾಸ್ಲೋ, ಎರಡ ಹಾಸ್ಲೋ ಕೇಳ್ರಿ.”

ಅತ್ತೆ ಫಕ್ಕನೆ ನಕ್ಕರು. ಗೌಡರ ಮೀಸೆ ಒಂದು ಕಡೆಗೆ ಅಲುಗಿತು. ಅವರು ಎದ್ದು ಹೋಗಿ ಸೈಕಲ್ಲನ್ನು ತಿಪ್ಪೆಯಿಂದ ಎಳೆಸಿದರು, ಸುತ್ತು ಹಾಕಿದರು, ಕ್ಯಾರಿಯರ್ ಒತ್ತಿದರು.

“ಯಾರು ಆರಿಸಿದ್ದಿದು?”

“ನಮ್ಮ ಕಾಕಾರಿ.”

“ಹೂಂ. ಅಂವಗ ಎತ್ತಿನ ಕಣ್ಣು ಐತಿ. ತಡಿ, ಮೊದಲ ನಾ ಕುಂತ ನೋಡ್ತೇನಿ.”

ನಿಮಗೆ ನಗು ಬರಬಹುದು. ನನಗೆ ಜೀವ ಹೋಯಿತು. ಗೌಡರದು ಎರಡು ಜೋಳದ ಚೀಲದ ಮೈ. ಬಿರಿ ಇಲ್ಲವೆಂದು ಹೇಳಿದರೆ ಅಕ್ಕ ಬರುವುದು ಮುಗಿಯಿತು; ಹೇಳದಿದ್ದರೆ ಗೌಡರೇ ಮುಗಿಯಬಹುದು. ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವರು ಧೋತರ ಎತ್ತಿ ಕಟ್ಟಿ ಕೂತೇಬಿಟ್ಟರು. ಊರೆಲ್ಲ ನೋಡುತ್ತಿತ್ತು. ಶಿವನೇ ಎಂದು ಪೆಡಲ್ಲು ತುಳಿದೆ. ಓಣಿ ದಾಟಿ ಕೆರೆಯ ಏರಿ ಹತ್ತಿದೆವು. ಏರಿಯ ಮೇಲೆ ಸೈಕಲ್ಲಿಗೆ ಕಾವು ಬಂತು. ಗೌಡರಿಗೂ ಬಂತು. “ಹೊಡಿ! ಹೊಡಿ ಇನ್ನಾ! ಭಲೇ!” ಎಂದು ನನ್ನ ಬೆನ್ನು ಗುದ್ದತೊಡಗಿದರು. ಏರಿ ಮುಗಿದು ಇಳಕಲು ಕಾಣಿಸಿತು. ಮುಂದೆ ನೀರು. ನನ್ನ ಚಪ್ಪಲಿ ಇಲ್ಲ.

“ಹೋ... ಹೋ! ಹೋ!” ಎಂದು ಗೌಡರು ಎತ್ತಿಗೆ ಹೇಳಿದಂತೆ ಹೇಳಿ, ತಮ್ಮ ದಪ್ಪ ಮೆಟ್ಟಿನ ಎರಡೂ ಕಾಲು ನೆಲಕ್ಕೆ ಊರಿದರು. ಸೈಕಲ್ಲು ಅಲ್ಲೇ ನಿಂತಿತು. ನಾನು ಹ್ಯಾಂಡಲ್ಲಿನ ಮೇಲೆ ಮುಗ್ಗರಿಸಿದೆ. ಗೌಡರು ಇಳಿದು, ಮೀಸೆ ತೀಡಿ, ಸೀಟಿನ ಮೇಲೆ ಕೈಯಾಡಿಸಿದರು.

“ಮಾತ ಕೇಳತೈತಿ,” ಎಂದರು. “ಸಾಧು ಐತಿ. ಕರಕೊಂಡ ಹೋಗು.”

ಅಕ್ಕನಿಗೆ ಮಾತ್ರ ದಾರಿಯಲ್ಲಿ ಎಲ್ಲ ನಿಜ ಹೇಳಿದೆ. ಅವಳು ಹೆದರುತ್ತಾಳೆ ಎಂದುಕೊಂಡಿದ್ದೆ. ಮಾವನವರು ಕೆರೆ ಏರಿಯ ಮೇಲೆ ಎತ್ತಿಗೆ ಹೇಳಿದಂತೆ “ಹೋ” ಅಂದ ಕತೆ ಕೇಳಿ, ಕೌದಿ ಗಂಟು ಸಮೇತ ಕ್ಯಾರಿಯರಿನಿಂದ ಜಾರುವಂತೆ ನಕ್ಕಳು. ಇಳಕಲು ಬಂದಾಗ ಇಳಿಯುವಳು, ಸೆರಗು ಬಿಗಿದು ಹಿಂದಿನಿಂದ ಕ್ಯಾರಿಯರ್ ಜಗ್ಗಿ ಹಿಡಿದು ನಡೆಯುವಳು, ಮತ್ತೆ ಹತ್ತುವಳು. ಹರಿಗೋಲಿನಲ್ಲಿ ಅಂಬಿಗ ಮತ್ತೆ ಸೈಕಲ್ಲಿಗೆ ಮನುಷ್ಯನ ದರ ಕೇಳಿದಾಗ, “ಅದು ನಮ್ಮ ಮಾವಾರಿಗಿಂತಾ ಸಾಧು ಐತಿ, ಅರ್ಧಾ ತಗೋ” ಎಂದಳು. ಅವನು ಅರ್ಧವನ್ನೇ ತೆಗೆದುಕೊಂಡ. ದಾರಿಯುದ್ದಕ್ಕೂ ಮಾತು, ಮಾತು, ಮಾತು. ಯಾರ ಎಮ್ಮೆ ಈಯಿತು, ಯಾರ ಮದುವೆಯಾಯಿತು, ಅವ್ವನ ಮೊಣಕಾಲು ನೋವು ಹೇಗಿದೆ. ಒಂದನ್ನು ಮಾತ್ರ ಕೇಳಲಿಲ್ಲ: ಯಾಕೆ ಇಷ್ಟು ದಿನ ಬರಲಿಲ್ಲ ಎಂದು. ಕೇಳಿದ್ದರೆ ಚೆನ್ನಾಗಿತ್ತು ಎಂದು ನನಗೆ ಆಗಾಗ ಅನಿಸುತ್ತಿತ್ತು.

ಶಿಗ್ಗಾವಿ ದಾಟಿದೆವು. ನಡುವೆ ಎರಡು ದಿನ ಬಿಸಿಲು ಬಿದ್ದು ಎರೆಯ ಹಾದಿ ಒಣಗಿ ಗಟ್ಟಿಯಾಗಿತ್ತು. ಗಾಲಿ ಹಿಡಿಯುವ ಮಣ್ಣೇ ಇಲ್ಲ. ನಮ್ಮೂರಿನ ದಿನ್ನೆಯ ಮೇಲೆ ಬಂದಾಗ ಕೆಳಗೆ ಅಗಸಿ, ಹುಣಸೆಯ ಮರಕ್ಕೆ ಕಟ್ಟಿದ ಜೋಕಾಲಿ, ನಮ್ಮ ಮನೆಯ ಮಾಳಿಗೆ, ಎಲ್ಲ ಕಂಡವು.

“ಇಳಿ ಅಕ್ಕ, ಇಳಕಲ ಬಂತು.”

“ಇಳಿಯಂಗಿಲ್ಲ.”

“ಬಿರಿ ಇಲ್ಲಬೇ!”

“ನನ್ನ ಊರಾಗ ನಾ ನಡಕೊಂತ ಹೋಗಂಗಿಲ್ಲ. ಬಿಡು ನೀ!”

ಬಿಟ್ಟೆ! ಸೈಕಲ್ಲು ಹೊರಟಿತು. ಅಕ್ಕ ನನ್ನ ಅಂಗಿಯನ್ನು ಎರಡೂ ಕೈಯಿಂದ ಹಿಡಿದು ಕೂಗತೊಡಗಿದಳು, ಹೆದರಿಕೆಯಿಂದಲ್ಲ. ಅಗಸಿಯ ಕಟ್ಟೆಯ ಮೇಲೆ ಕೂತಿದ್ದ ಕಾಕಾ ಎದ್ದು ನಿಂತು ಕೋಲು ಬೀಸಿದ: “ಬಂದ್ರೋ! ನೋಡ್ರಿ, ಹೆಂಗ ಓಡತೈತಿ ನೋಡ್ರಿ ನನ್ನ ಸೈಕಲ್!” ಕೂಗು ಕೇಳಿ ಅವ್ವ ದೃಷ್ಟಿ ತೆಗೆಯುವ ಕೆಂಪು ನೀರಿನ ತಾಟು ಹಿಡಿದು ಬಾಗಿಲಿಗೆ ಬಂದಳು. ಅವಳ ಮುಖ ಅರಳಿದ್ದು ಕಂಡೆ. ಹತ್ತಿರ ಬಂದೆವು. ಎದುರಿಗೆ ಬಂದೆವು. ಮುಂದೆ ಹೋದೆವು. ಅವ್ವನ ಕಣ್ಣೆದುರಿಗೇ ಮನೆ ದಾಟಿ ಹೋದೆವು!

“ಏ! ಎಲ್ಲಿ ಹೊಂಟೀರೋ? ಮನಿ ಇಲ್ಲೈತಿ! ನೀಲವ್ವಾ! ಯವ್ವಾ ನೀಲವ್ವಾ!”

ಅವ್ವ ಓಡಿದಳು. ಮೊಣಕಾಲು ನೋವಿನ ಅವ್ವ, ತಾಟು ಹಿಡಿದುಕೊಂಡೇ, ಸೆರಗು ಜಾರಿ, ಇಡೀ ಓಣಿಯ ನಡುವೆ ಮಗಳ ಹಿಂದೆ ಓಡಿದಳು. ನಾವು ಊರಿನ ಇನ್ನೊಂದು ತುದಿಯ ಕಣದಲ್ಲಿ ಹೊಟ್ಟಿನ ರಾಶಿಗೆ ಹೋಗಿ ನಿಂತೆವು. ಅಕ್ಕ ಇಳಿದು, ಕೌದಿ ಕೊಡವಿ, ಹಾದಿಯ ಕಡೆ ಮುಖ ಮಾಡಿ ನಿಂತಳು. ಅವ್ವ ಏದುಸಿರು ಬಿಡುತ್ತ ಬಂದಳು. ತಾಟಿನ ನೀರೆಲ್ಲ ಚೆಲ್ಲಿ ಅವಳ ಸೀರೆ ಕೆಂಪಾಗಿತ್ತು.

“ಇದೇನವ್ವಾ? ಮೂರ ವರ್ಷದ ಮ್ಯಾಲ ಬಂದಾಕಿ ಮನಿ ದಾಟಿ ಹೋಗ್ತೀಯೇನ? ನನ್ನ ಜೀವಾ ಬಾಯಿಗೆ ಬಂತು!”

ಅಕ್ಕ ನಗುತ್ತಲೇ ಇದ್ದಳು. ನಗುತ್ತಿದ್ದಂತೆಯೇ ಅವಳ ಕಣ್ಣು ತುಂಬಿತು.

“ಮೂರ ವರ್ಷ ನಾ ದಾರಿ ನೋಡೇನಿ ಯವ್ವಾ. ನೀ ಒಂದ ಓಣಿ ಓಡಿದ್ರ ಏನಾತು?”

ಅವ್ವ ತಾಟನ್ನು ಹೊಟ್ಟಿನ ಮೇಲೆ ಇಟ್ಟು, ಅಕ್ಕನ ಬೆನ್ನಿಗೆ ಒಂದು ಗುದ್ದು ಹಾಕಿದಳು. ಗುದ್ದಿದ ಕೈಯನ್ನು ಮಾತ್ರ ಅಲ್ಲಿಂದ ತೆಗೆಯಲಿಲ್ಲ.